ಲಂಗರಿನ ಒಲೆ, ಲೆಕ್ಕದ ಪುಸ್ತಕ

(ಓದುಗರ ಕೂಟವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಸಿಖ್ಖರ ಸೇವಾ ಪರಂಪರೆಯ ಬಗ್ಗೆ ನಾಲ್ಕು ಮಾತು ಆಡಬೇಕೆಂದು ನೀವು ಕೇಳಿದಿರಿ. ಆ ಹೆಸರು ಕೇಳಿದ ಕೂಡಲೇ ನಮ್ಮೆಲ್ಲರ ಕಣ್ಣ ಮುಂದೆ ಬರುವ ಚಿತ್ರ ಹೆಚ್ಚುಕಡಿಮೆ ಒಂದೇ. ನೆಲದ ಮೇಲೆ ಸಾಲಾಗಿ ಕುಳಿತ ಜನ, ಬಕೆಟ್ಟಿನಲ್ಲಿ ದಾಲ್ ಹಿಡಿದು ಸಾಲಿನ ನಡುವೆ ಓಡಾಡುವ ಪೇಟದ ಯುವಕರು, ಒಂದು ಮೂಲೆಯಲ್ಲಿ ಹಿಟ್ಟು ನಾದುತ್ತ ಕುಳಿತ ಹೆಂಗಸರು, ಇನ್ನೊಂದು ಮೂಲೆಯಲ್ಲಿ ತಟ್ಟೆ ತೊಳೆಯುವವರ ಗದ್ದಲ. ಅಮೃತಸರದ ಸ್ವರ್ಣಮಂದಿರದ ಲಂಗರಿನಲ್ಲಿ ಸಾಮಾನ್ಯ ದಿನದಲ್ಲೇ ಐವತ್ತು ಸಾವಿರಕ್ಕೂ ಹೆಚ್ಚು ಜನ ಊಟ ಮಾಡುತ್ತಾರೆ. ಹಬ್ಬದ ದಿನ ಈ ಸಂಖ್ಯೆ ಲಕ್ಷ ದಾಟುತ್ತದೆ. ಯಾರ ಜಾತಿಯನ್ನೂ ಕೇಳುವುದಿಲ್ಲ, ಯಾರ ಧರ್ಮವನ್ನೂ ಕೇಳುವುದಿಲ್ಲ. 2021ರಲ್ಲಿ ಕೋವಿಡ್‌ನ ಎರಡನೆಯ ಅಲೆ ಬಂದು ಆಸ್ಪತ್ರೆಗಳಲ್ಲಿ ಹಾಸಿಗೆ ಸಿಗದೆ ಜನ ಬೀದಿಯಲ್ಲಿ ಒದ್ದಾಡುತ್ತಿದ್ದಾಗ, ದೆಹಲಿಯ ಪಕ್ಕದ ಗಾಜಿಯಾಬಾದಿನ ಇಂದಿರಾಪುರಂ ಗುರುದ್ವಾರದ ಮುಂದೆ ‘ಆಮ್ಲಜನಕದ ಲಂಗರ್’ ನಡೆದದ್ದನ್ನು ನೀವು ನೋಡಿದ್ದೀರಿ.

ಪತ್ರಿಕಾ ಕಚೇರಿಗೆ ಇಂಥ ಚಿತ್ರಗಳು ಬಂದಾಗ ನಮಗೂ ಸಂತೋಷ. ಮುಖಪುಟಕ್ಕೆ ಹಾಕುತ್ತೇವೆ. ಆದರೆ ಆ ಗುರುದ್ವಾರವನ್ನು ನಡೆಸುವ ಸಮಿತಿಗೆ ಸಕಾಲದಲ್ಲಿ ಚುನಾವಣೆ ನಡೆಯಿತೇ, ಅದರ ಲೆಕ್ಕಪತ್ರವನ್ನು ಯಾರು ನೋಡಿದರು ಎಂಬ ಸುದ್ದಿ ಬಂದರೆ ಒಳಪುಟದ ಕೆಳಮೂಲೆಗೆ ಹೋಗುತ್ತದೆ. ಎಷ್ಟೋ ಸಲ ಅಲ್ಲಿಗೂ ಹೋಗುವುದಿಲ್ಲ. ಈ ಮಾತನ್ನು ನಮ್ಮ ವೃತ್ತಿಯ ತಪ್ಪೊಪ್ಪಿಗೆ ಎಂದೇ ತಿಳಿಯಿರಿ. ಏಕೆಂದರೆ ಸಿಖ್ಖರ ಚರಿತ್ರೆಯನ್ನು ಸ್ವಲ್ಪ ಆಳಕ್ಕೆ ಇಳಿದು ಓದಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಅವರಲ್ಲಿ ಸೌಟು ಹಿಡಿಯುವ ಕೈಗಳಿಗೆ ಎಂದೂ ಬರ ಬಂದಿಲ್ಲ. ಬಿಕ್ಕಟ್ಟು ಬಂದಾಗಲೆಲ್ಲ ಅದು ಬಂದದ್ದು ಒಲೆಯಿಂದಲ್ಲ, ಒಲೆ ಉರಿಯುವ ಮನೆಯ ಯಜಮಾನಿಕೆ ಯಾರದು ಎಂಬ ಪ್ರಶ್ನೆಯಿಂದ. ಇವತ್ತು ಈ ಒಂದು ಎಳೆಯನ್ನು ಹಿಡಿದು ಮಾತನಾಡುತ್ತೇನೆ.

ಬೀದರಿನವನೊಬ್ಬ ಸೇರಿ ಐವರು

ಆರಂಭವನ್ನು ನಮ್ಮ ನಾಡಿನ ನಂಟಿನಿಂದಲೇ ಮಾಡಬಹುದು. 1699ರ ಬೈಸಾಖಿಯ ದಿನ ಆನಂದಪುರದಲ್ಲಿ ಹತ್ತನೆಯ ಗುರು ಗೋವಿಂದ ಸಿಂಗರು ಖಾಲ್ಸಾ ಪಂಥವನ್ನು ಸ್ಥಾಪಿಸಿದರು. ತಲೆ ಕೊಡಲು ಸಿದ್ಧರಿರುವವರು ಮುಂದೆ ಬನ್ನಿ ಎಂದು ಗುರು ಕತ್ತಿ ಹಿರಿದು ಕರೆದಾಗ ಒಬ್ಬೊಬ್ಬರಾಗಿ ಐವರು ಎದ್ದು ಬಂದರು. ಪರಂಪರೆ ಹೇಳುವಂತೆ ಲಾಹೋರಿನ ವ್ಯಾಪಾರಿ ಕುಲದವನೊಬ್ಬ, ಹಸ್ತಿನಾಪುರದ ಜಾಟನೊಬ್ಬ, ಜಗನ್ನಾಥ ಪುರಿಯ ನೀರು ಹೊರುವವನೊಬ್ಬ, ದ್ವಾರಕೆಯ ಬಟ್ಟೆಗೆ ಅಚ್ಚು ಹಾಕುವವನೊಬ್ಬ. ಐದನೆಯವನು ಬೀದರಿನ ಕ್ಷೌರಿಕ ಸಾಹಿಬ್ ಚಂದ್. ಈ ಐವರೇ ‘ಪಂಜ್ ಪ್ಯಾರೇ’, ಅಂದರೆ ಐವರು ಪ್ರಿಯರು.

ಈ ಕಥೆ ಹಲವರಿಗೆ ಗೊತ್ತು. ಅದರ ಮುಂದಿನ ಭಾಗವನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಐವರಿಗೂ ದೀಕ್ಷೆ ಕೊಟ್ಟ ಗುರು, ಬಳಿಕ ಅದೇ ಐವರ ಮುಂದೆ ಕೈಜೋಡಿಸಿ ನಿಂತು, ತನಗೂ ದೀಕ್ಷೆ ಕೊಡಿ ಎಂದು ಕೇಳಿದರು. ಗುರುವೇ ಶಿಷ್ಯನಾದರು. ಒಬ್ಬನಲ್ಲಿದ್ದ ಅಧಿಕಾರ ಐವರ ಸಭೆಗೆ ಹೋಯಿತು. ಆ ಸಭೆಯಲ್ಲಿ ಬೀದರಿನ ಕ್ಷೌರಿಕನಿಗೂ ಲಾಹೋರಿನ ವ್ಯಾಪಾರಿಗೂ ಸರಿಸಮಾನ ಸ್ಥಾನ. 1708ರಲ್ಲಿ ನಾಂದೇಡದಲ್ಲಿ ಗೋವಿಂದ ಸಿಂಗರು ತೀರಿಕೊಂಡಾಗ ದೇಹಧಾರಿ ಗುರುಗಳ ಪರಂಪರೆಯೂ ಮುಗಿಯಿತು. ಇನ್ನು ಮುಂದೆ ಗ್ರಂಥವೇ ಗುರು, ವ್ಯವಹಾರ ನಡೆಸಬೇಕಾದದ್ದು ಸಮುದಾಯ ಎಂದಾಯಿತು.

ಇದು ದೊಡ್ಡ ಗೌರವ. ಅಷ್ಟೇ ದೊಡ್ಡ ಹೊರೆ ಕೂಡ. ಮಠಾಧಿಪತಿ ಇದ್ದರೆ ಅವರ ಮಾತೇ ಕೊನೆಯದು, ವಿವಾದ ಅಲ್ಲಿಗೆ ಮುಗಿಯುತ್ತದೆ. ಗುರುವಿಲ್ಲದ ಸಮುದಾಯ ತನ್ನ ವ್ಯವಹಾರವನ್ನು ತಾನೇ ನಡೆಸಿಕೊಳ್ಳಬೇಕು. ಸಭೆ ಸೇರಬೇಕು, ವಾದಿಸಬೇಕು, ಲೆಕ್ಕ ಒಪ್ಪಿಸಬೇಕು, ಸರಿಯಿಲ್ಲದವರನ್ನು ಇಳಿಸಬೇಕು. ಸಂಸ್ಥೆ ಕಟ್ಟುವ ಸವಾಲು ಸಿಖ್ಖರಿಗೆ ಹೊರಗಿನಿಂದ ಬಂದದ್ದಲ್ಲ, ಅವರ ಧರ್ಮದ ರಚನೆಯೊಳಗೇ ಇದೆ.

ಕಾಣಿಕೆ ಮತ್ತು ಕಾಣಿಕೆ ತರುವವರು

ಸೇವೆಯ ಕಲ್ಪನೆ ಮೊದಲ ಗುರು ನಾನಕರಿಂದಲೇ ಬಂದದ್ದು. ದುಡಿದು ತಿನ್ನು, ಹಂಚಿ ತಿನ್ನು, ನಾಮಸ್ಮರಣೆ ಮಾಡು, ಇವು ಮೂರು ಅವರ ಬೋಧೆಯ ತಿರುಳು. ಕಾಯಕ, ದಾಸೋಹ ಎಂಬ ಮಾತುಗಳನ್ನು ಕೇಳುತ್ತ ಬೆಳೆದ ನಮಗೆ ಇದು ಅಪರಿಚಿತವೆನಿಸುವುದಿಲ್ಲ. ಎರಡನೆಯ ಗುರು ಅಂಗದರ ಕಾಲದಲ್ಲಿ ಲಂಗರಿನ ಮೇಲ್ವಿಚಾರಣೆ ಅವರ ಪತ್ನಿ ಮಾತಾ ಖೀವಿಯವರದಾಗಿತ್ತು. ಮೂರನೆಯ ಗುರು ಅಮರದಾಸರು ಗೋಯಿಂದ್ವಾಲದಲ್ಲಿ ಒಂದು ನಿಯಮ ಮಾಡಿದರು. ತನ್ನನ್ನು ಕಾಣಬೇಕೆನ್ನುವವರು ಯಾರೇ ಆಗಲಿ, ಮೊದಲು ಎಲ್ಲರೊಡನೆ ಪಂಕ್ತಿಯಲ್ಲಿ ಕುಳಿತು ಉಣ್ಣಬೇಕು, ಆಮೇಲೆ ದರ್ಶನ. ಮೇಲುಜಾತಿಯವರು ಕೆಳಜಾತಿಯವರ ನೆರಳಿಗೂ ಹೆದರುತ್ತಿದ್ದ ಕಾಲದಲ್ಲಿ ಈ ಒಂದು ನಿಯಮ ಎಷ್ಟು ದೊಡ್ಡ ಮಾತು ಹೇಳಿತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಒಲೆ ಉರಿಯಲು ಗೋಧಿ ಬೇಕು, ಗೋಧಿಗೆ ಹಣ ಬೇಕು. ಅಮರದಾಸರು ದೂರದೂರದ ಅನುಯಾಯಿಗಳಿಗಾಗಿ ಇಪ್ಪತ್ತೆರಡು ‘ಮಂಜಿ’ಗಳನ್ನು, ಎಂದರೆ ಪ್ರಾದೇಶಿಕ ಕೇಂದ್ರಗಳನ್ನು ಏರ್ಪಡಿಸಿದರು. ಮುಂದೆ ಮಸಂದರೆಂಬ ಪ್ರತಿನಿಧಿಗಳು ಬಂದರು. ಪ್ರತಿಯೊಬ್ಬ ಸಿಖ್ಖನೂ ಆದಾಯದ ಹತ್ತನೆಯ ಒಂದು ಪಾಲನ್ನು ಸಮುದಾಯಕ್ಕೆ ಕೊಡಬೇಕೆಂಬುದು ‘ದಸ್ವಂಧ್’. ಅದನ್ನು ಊರೂರಿನಿಂದ ತಂದು ಗುರುವಿಗೆ ಒಪ್ಪಿಸುವುದು ಮಸಂದರ ಕೆಲಸ. ಅಮೃತಸರದ ಸರೋವರ, ಐದನೆಯ ಗುರು ಅರ್ಜುನರ ಕಾಲದ ಹರ್ಮಂದಿರ ಇಂಥ ಕಾಣಿಕೆಯ ಬಲದಿಂದಲೇ ಎದ್ದವು.

ಒಂದು ನೂರು ವರ್ಷ ಕಳೆಯುವಷ್ಟರಲ್ಲಿ ಈ ವ್ಯವಸ್ಥೆ ಹುಳಿಯತೊಡಗಿತು. ಮಸಂದಗಿರಿ ವಂಶಪಾರಂಪರ್ಯವಾಯಿತು. ಕಾಣಿಕೆ ಹಾದಿಯಲ್ಲೇ ಕರಗಿತು. ಬಡವರಿಂದ ಬಲವಂತದ ವಸೂಲಿ ನಡೆಯಿತು. ಗುರು ಗೋವಿಂದ ಸಿಂಗರು ಮಸಂದರನ್ನು ಪೂರ್ತಿಯಾಗಿ ತೆಗೆದುಹಾಕಿ, ಕಾಣಿಕೆಯನ್ನು ನೇರವಾಗಿ ತರಬೇಕೆಂದು ಆಜ್ಞೆ ಮಾಡಿದರು. ಗಮನಿಸಬೇಕಾದ ಸಂಗತಿಯೆಂದರೆ, ಮಸಂದರು ಮೊದಲಿನಿಂದ ಕಳ್ಳರಾಗಿರಲಿಲ್ಲ. ಭಕ್ತಿಯಿಂದಲೇ ಶುರುವಾದ ವ್ಯವಸ್ಥೆ ಅದು. ಕೇಳುವವರಿಲ್ಲದಾಗ ಕೆಟ್ಟಿತು.

ಪಹಣಿಯಲ್ಲಿ ಮಹಂತರ ಹೆಸರು

ಹದಿನೆಂಟನೆಯ ಶತಮಾನ ಸಿಖ್ಖರಿಗೆ ಕಾಡುಪಾಲಿನ ಕಾಲ. ಮೊಗಲ್ ಸುಬೇದಾರರ ಮತ್ತು ಅಫಘಾನರ ಬೇಟೆಗೆ ಸಿಕ್ಕದಂತೆ ಅವರು ಅರಣ್ಯಗಳಲ್ಲಿ ಅಲೆಯುತ್ತಿದ್ದರು. ಆಗ ಗುರುದ್ವಾರಗಳ ದೀಪ ಆರದಂತೆ ನೋಡಿಕೊಂಡವರು ಉದಾಸಿ ಪಂಥದ ಸಾಧುಗಳು. ಅವರು ಉದ್ದಕೂದಲಿನ, ಆಯುಧ ಹೊತ್ತ ಖಾಲ್ಸಾಗಳಲ್ಲವಾದ್ದರಿಂದ ಆಳುವವರ ಕಣ್ಣು ಅವರ ಮೇಲೆ ಅಷ್ಟಾಗಿ ಬೀಳಲಿಲ್ಲ. ಅವರ ಉಪಕಾರ ದೊಡ್ಡದು. ಮುಂದೆ ರಣಜಿತ್ ಸಿಂಗನ ರಾಜ್ಯ ಬಂದಾಗ ಗುರುದ್ವಾರಗಳಿಗೆ ಹೇರಳವಾಗಿ ಭೂಮಿ ಬಿಟ್ಟುಕೊಡಲಾಯಿತು.

1849ರಲ್ಲಿ ಪಂಜಾಬ್ ಬ್ರಿಟಿಷರ ವಶವಾಯಿತು. ಅವರು ಭೂದಾಖಲೆ ಬರೆಸಿದಾಗ ಅನೇಕ ಕಡೆ ಗುರುದ್ವಾರದ ಜಮೀನಿಗೆ ಅಲ್ಲಿದ್ದ ಮಹಂತರ ಹೆಸರೇ ದಾಖಲಾಯಿತು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಪಹಣಿಯಲ್ಲಿ ದೇವರ ಹೆಸರು ಹೋಗಿ ಪೂಜಾರಿಯ ಹೆಸರು ಬಂತು. ಮುಂದೆ ಕಾಲುವೆಗಳು ಬಂದು ಒಣಭೂಮಿಗೆ ನೀರು ಹರಿದಾಗ ಆ ಜಮೀನುಗಳ ಬೆಲೆ ಹಲವು ಪಟ್ಟು ಏರಿತು. ಸಾಧುವಿನ ಮಠ ಜಮೀನ್ದಾರನ ಹವೇಲಿಯಾಯಿತು. ಎಲ್ಲ ಮಹಂತರೂ ಕೆಟ್ಟವರಾಗಿರಲಿಲ್ಲ. ಆದರೆ ಕೆಟ್ಟವರನ್ನು ಇಳಿಸುವ ದಾರಿ ಭಕ್ತರ ಕೈಯಲ್ಲಿರಲಿಲ್ಲ. ಕೋರ್ಟಿಗೆ ಹೋದರೆ ದಾಖಲೆ ಮಹಂತನ ಪರ.

ಸ್ವರ್ಣಮಂದಿರಕ್ಕೆ ಸರ್ಕಾರವೇ ವ್ಯವಸ್ಥಾಪಕನನ್ನು ನೇಮಿಸುತ್ತಿತ್ತು. 1919ರಲ್ಲಿ ಜಲಿಯನ್‌ವಾಲಾ ಬಾಗಿನಲ್ಲಿ ಗುಂಡು ಹಾರಿಸಿದ ಜನರಲ್ ಡಯರನಿಗೆ ಆ ವ್ಯವಸ್ಥಾಪಕನ ಕಾಲದಲ್ಲೇ ಮಂದಿರದ ಗೌರವ ಸಂದಿತು. ಸತ್ತವರ ಮನೆಗಳು ಮಂದಿರದಿಂದ ಕೂಗಳತೆಯಲ್ಲಿದ್ದವು. ಜನರ ಸಿಟ್ಟು ಎಷ್ಟಿದ್ದಿರಬೇಕು ಊಹಿಸಿ.

ಅದರ ಮರುವರ್ಷ, 1920ರ ಅಕ್ಟೋಬರ್ 12ರಂದು, ಇನ್ನೊಂದು ಘಟನೆ. ಆಗತಾನೆ ದೀಕ್ಷೆ ಪಡೆದಿದ್ದ, ಅಸ್ಪೃಶ್ಯರೆನಿಸಿಕೊಂಡ ಜಾತಿಗಳ ಸಿಖ್ಖರ ಗುಂಪೊಂದು ಕಡಾ ಪ್ರಸಾದ ಹಿಡಿದು ಸ್ವರ್ಣಮಂದಿರಕ್ಕೆ ಬಂತು. ಪೂಜಾರಿಗಳು ಅವರ ಪ್ರಸಾದ ಸ್ವೀಕರಿಸಲು ಒಪ್ಪಲಿಲ್ಲ. ಖಾಲ್ಸಾ ಕಾಲೇಜಿನ ಅಧ್ಯಾಪಕರೂ ಸೇರಿದಂತೆ ಸುಧಾರಣಾವಾದಿಗಳು ಅವರ ಬೆನ್ನಿಗೆ ನಿಂತರು. ವಾದವಿವಾದ ಮುಗಿದು ಪ್ರಸಾದ ಸ್ವೀಕಾರವಾಯಿತು. ಗುಂಪು ಎದುರಿನ ಅಕಾಲ್ ತಖ್ತಿಗೆ ನಡೆದಾಗ ಅಲ್ಲಿನ ಪೂಜಾರಿಗಳು ಸ್ಥಾನ ಬಿಟ್ಟು ಹೊರಟುಹೋದರು. ಖಾಲಿ ಬಿದ್ದ ಆ ಸ್ಥಾನವನ್ನು ನೋಡಿಕೊಳ್ಳಲು ರಚನೆಯಾದ ತಾತ್ಕಾಲಿಕ ಸಮಿತಿಯೇ ಮುಂದಿನ ತಿಂಗಳು, ನವೆಂಬರ್ 15ರ ಸಭೆಯಲ್ಲಿ, ಶಿರೋಮಣಿ ಗುರುದ್ವಾರ ಪ್ರಬಂಧಕ ಸಮಿತಿಯ ಹುಟ್ಟಿಗೆ ದಾರಿಮಾಡಿತು. ಪಂಗತಿಯಲ್ಲಿ ಎಲ್ಲರೂ ಸಮಾನರೆಂದು ಗುರು ಹೇಳಿ ಮುನ್ನೂರೈವತ್ತು ವರ್ಷ ಕಳೆದ ಮೇಲೂ ಅದನ್ನು ಜಾರಿಗೆ ತರಲು ಒಂದು ಸಮಿತಿ ಬೇಕಾಯಿತು ಎಂಬುದು ಯೋಚಿಸಬೇಕಾದ ವಿಷಯ.

ಒಂದು ಹೊರೆ ಸೌದೆ

ಬಳಿಕ ಐದು ವರ್ಷ ನಡೆದದ್ದು ಗುರುದ್ವಾರ ಸುಧಾರಣಾ ಚಳವಳಿ. ಅದರ ಬೆಲೆ ರಕ್ತದಲ್ಲಿ ತೆರಬೇಕಾಯಿತು. 1921ರ ಫೆಬ್ರುವರಿ 20ರಂದು, ಗುರು ನಾನಕರ ಜನ್ಮಸ್ಥಳ ನನಕಾನಾ ಸಾಹಿಬ್‌ನಲ್ಲಿ, ಶಾಂತವಾಗಿ ಒಳಗೆ ಬಂದಿದ್ದ ಅಕಾಲಿಗಳ ತಂಡದ ಮೇಲೆ ಮಹಂತ ನಾರಾಯಣ ದಾಸನ ಬಾಡಿಗೆ ಬಂಟರು ಬಿದ್ದರು. ಗುಂಡು, ಕೊಡಲಿ, ಬೆಂಕಿ ಎಲ್ಲವೂ ಬಳಕೆಯಾದವು. ಸತ್ತವರು ಎಂಬತ್ತಕ್ಕೂ ಹೆಚ್ಚು ಮಂದಿ.

ಆದರೆ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದದ್ದು ಅದರ ಮರುವರ್ಷದ ಗುರು ಕಾ ಬಾಗ್ ಪ್ರಕರಣ. ಅಮೃತಸರದಿಂದ ಸ್ವಲ್ಪ ದೂರದಲ್ಲಿರುವ ಗುರುದ್ವಾರ ಅದು. ಗುರುದ್ವಾರದ ಆಡಳಿತ ಸಮಿತಿಯ ಕೈಗೆ ಬಂದಿತ್ತು. ಪಕ್ಕದ ಜಮೀನು ಮಾತ್ರ ತನ್ನ ಸ್ವಂತದ್ದೆಂದು ಮಹಂತ ವಾದಿಸುತ್ತಿದ್ದ. 1922ರ ಆಗಸ್ಟ್ 8ರಂದು ಐವರು ಅಕಾಲಿಗಳು ಆ ಜಮೀನಿನಲ್ಲಿ ಜಾಲಿ ಮರದ ಸೌದೆ ಕಡಿದರು. ಮನೆಗಲ್ಲ, ಮಾರಲಿಕ್ಕಲ್ಲ, ಲಂಗರಿನ ಒಲೆಗೆ. ಪೊಲೀಸರು ಅವರನ್ನು ಹಿಡಿದು ಕಳ್ಳತನದ ಆರೋಪ ಹೊರಿಸಿದರು. ತಲಾ ಆರು ತಿಂಗಳ ಸಜೆಯಾಯಿತು.

ಆ ಸಜೆಗೆ ಬಂದ ಉತ್ತರ ಅಪೂರ್ವವಾದದ್ದು. ಅಕಾಲ್ ತಖ್ತ್‌ನಲ್ಲಿ ಅಹಿಂಸೆಯ ಪ್ರತಿಜ್ಞೆ ಮಾಡಿ, ದಿನಕ್ಕೊಂದು ತಂಡ ಸೌದೆ ಕಡಿಯಲು ಹೊರಟಿತು. ಪೊಲೀಸರು ಕಬ್ಬಿಣದ ಕಟ್ಟು ಹಾಕಿದ ಲಾಠಿಗಳಿಂದ ಬಡಿದರು. ಬಿದ್ದವರು ಎದ್ದು ಮತ್ತೆ ಮುಂದೆ ನಡೆದರು. ಮಾತಿಗೆ ಮಾತು ಸೇರಿಸಲಿಲ್ಲ, ಕೈ ಎತ್ತಲಿಲ್ಲ. ಅವರಲ್ಲಿ ಅನೇಕರು ಮೊದಲ ಮಹಾಯುದ್ಧದಲ್ಲಿ ಹೋರಾಡಿ ಬಂದಿದ್ದ ಸೈನಿಕರು. ಸೆಪ್ಟೆಂಬರಿನಲ್ಲಿ ಅಲ್ಲಿಗೆ ಹೋದ ಗಾಂಧೀಜಿಯವರ ಗೆಳೆಯ, ಪಾದ್ರಿ ಸಿ.ಎಫ್. ಆಂಡ್ರೂಸ್ ಇದನ್ನು ಕಣ್ಣಾರೆ ಕಂಡು ಪತ್ರಿಕೆಗಳಿಗೆ ಬರೆದರು, ಪಂಜಾಬಿನ ಗವರ್ನರರ ಬಳಿಗೂ ಹೋದರು. ಬಡಿತ ನಿಂತು ಬಂಧನ ಶುರುವಾಯಿತು. ಐದು ಸಾವಿರಕ್ಕೂ ಹೆಚ್ಚು ಜನ ಜೈಲು ಸೇರಿದರು. ಕೊನೆಗೆ ಲಾಹೋರಿನ ಪ್ರಸಿದ್ಧ ಎಂಜಿನಿಯರ್ ಸರ್ ಗಂಗಾರಾಮ್ ಆ ಜಮೀನನ್ನು ಗುತ್ತಿಗೆಗೆ ಪಡೆದು, ಅಕಾಲಿಗಳು ಸೌದೆ ಕಡಿಯಲು ತನ್ನ ಅಡ್ಡಿಯಿಲ್ಲ ಎಂದಾಗ ಸರ್ಕಾರ ಮುಖ ಉಳಿಸಿಕೊಂಡಿತು.

ಈ ಪ್ರಕರಣದಲ್ಲಿ ನಾವು ಸಾಮಾನ್ಯವಾಗಿ ಕಾಣುವುದು ಧೈರ್ಯವನ್ನು. ಕಾಣಲೇಬೇಕು. ಆದರೆ ಇಡೀ ಜಗಳ ಹುಟ್ಟಿದ್ದು ಒಂದು ಹೊರೆ ಸೌದೆಯಿಂದ. ಬಡವನಿಗೆ ಬಿಸಿ ರೊಟ್ಟಿ ಬಡಿಸಬೇಕೆಂಬ ಭಕ್ತಿ ಇತ್ತು, ಬಡಿಸುವ ಕೈಗಳಿದ್ದವು. ಒಲೆಗೆ ಹಾಕುವ ಸೌದೆ ಯಾರದು ಎಂಬ ಪ್ರಶ್ನೆಗೆ ಕಾಗದದ ಮೇಲೆ ಉತ್ತರ ಇರಲಿಲ್ಲ. ಸೇವೆ ನಿಲ್ಲುವುದು ಇಂಥ ಕಡೆಯಲ್ಲೇ.

ಕಾಯಿದೆ ಕೊಟ್ಟದ್ದು, ಕೊಡದೇ ಇದ್ದದ್ದು

ಉತ್ತರ ಬಂದದ್ದು 1925ರ ಸಿಖ್ ಗುರುದ್ವಾರಗಳ ಕಾಯಿದೆಯಲ್ಲಿ. ಐತಿಹಾಸಿಕ ಗುರುದ್ವಾರಗಳ ಆಡಳಿತ ಚುನಾಯಿತ ಮಂಡಳಿಗೆ ಹೋಯಿತು. ಹೆಂಗಸರಿಗೂ ಗಂಡಸರಂತೆಯೇ ಮತದಾನದ ಹಕ್ಕು ದೊರೆಯಿತು. ದೇಶದಲ್ಲಿ ಎಲ್ಲ ವಯಸ್ಕರಿಗೂ ಮತದ ಹಕ್ಕು ಬರಲು ಇನ್ನೂ ಕಾಲು ಶತಮಾನ ಬಾಕಿಯಿತ್ತೆಂಬುದನ್ನು ನೆನೆದರೆ ಇದರ ಮಹತ್ವ ತಿಳಿಯುತ್ತದೆ. ಒಂದು ಧಾರ್ಮಿಕ ಸಮುದಾಯ ತನ್ನ ಪೂಜಾಸ್ಥಳಗಳ ಆಡಳಿತವನ್ನು ಮತಪೆಟ್ಟಿಗೆಗೆ ಒಪ್ಪಿಸಿದ ಉದಾಹರಣೆ ಆಗ ಜಗತ್ತಿನಲ್ಲೇ ವಿರಳ.

ಇಲ್ಲಿಗೆ ನಿಲ್ಲಿಸಿದರೆ ಇದೊಂದು ಸುಖಾಂತ ಕಥೆ. ಆದರೆ ಸಂಸ್ಥೆಗಳ ಕಥೆಗೆ ಅಂತ್ಯವೆಂಬುದಿಲ್ಲ. ಕಾಯಿದೆಯ ಪ್ರಕಾರ ಐದು ವರ್ಷಕ್ಕೊಮ್ಮೆ ಚುನಾವಣೆ ನಡೆಯಬೇಕು. 1979ರಲ್ಲಿ ನಡೆದ ಬಳಿಕ ಮುಂದಿನದು ನಡೆದದ್ದು 1996ರಲ್ಲಿ. ನಡುವಿನ ವರ್ಷಗಳಲ್ಲಿ ಪಂಜಾಬ್ ಹೊತ್ತಿ ಉರಿದದ್ದು ನಿಜ, ಆದರೂ ಹದಿನೇಳು ವರ್ಷ ಸಣ್ಣ ಅವಧಿಯಲ್ಲ. ಬಳಿಕ 2004, ಅದಾದ ಮೇಲೆ 2011. ಆಮೇಲೆ ಯಾರಿಗೆ ಮತದ ಹಕ್ಕಿದೆ ಎಂಬ ವಿವಾದ ಕೋರ್ಟು ಕಂಡಿತು. ಕೂದಲು ಕತ್ತರಿಸುವ, ಆದರೆ ಗುರುಗಳನ್ನು ನಂಬುವ ಸಹಜಧಾರಿಗಳ ಹಕ್ಕನ್ನು 2016ರಲ್ಲಿ ಸಂಸತ್ತು ತಿದ್ದುಪಡಿಯ ಮೂಲಕ ತೆಗೆದುಹಾಕಿತು. ಹೊಸ ಮತದಾರರ ನೋಂದಣಿ ಶುರುವಾದದ್ದು 2023ರ ಅಕ್ಟೋಬರಿನಲ್ಲಿ, ಅಂದರೆ ಹಿಂದಿನ ಚುನಾವಣೆ ನಡೆದು ಹನ್ನೆರಡು ವರ್ಷವಾದ ಮೇಲೆ. 2011ರಲ್ಲಿ ಒಂಬತ್ತು ವರ್ಷದವಳಾಗಿದ್ದ ಹುಡುಗಿ ಅಷ್ಟರಲ್ಲಿ ಮತದಾನದ ವಯಸ್ಸಿಗೆ ಬಂದಿದ್ದಳು. ಆದರೆ ಮತದಾನವನ್ನೇ ಕಂಡಿರಲಿಲ್ಲ.

ಇನ್ನೊಂದು ವಿಷಯ ಸ್ಥಳೀಯ ಸಮಿತಿಗಳದು. ಮೂಲ ಕಾಯಿದೆಯ ಕಲ್ಪನೆಯಲ್ಲಿ ಕೇಂದ್ರ ಮಂಡಳಿಯ ಜೊತೆಗೆ ಗುರುದ್ವಾರಗಳಿಗೆ ಅವುಗಳದೇ ಸ್ಥಳೀಯ ಸಮಿತಿಗಳಿದ್ದವು. ಕಾಲಕ್ರಮದಲ್ಲಿ, ತಿದ್ದುಪಡಿಗಳ ಮೂಲಕ, ಹೆಚ್ಚು ಆದಾಯದ ಮುಖ್ಯ ಗುರುದ್ವಾರಗಳು ಕೇಂದ್ರದ ನೇರ ಆಡಳಿತಕ್ಕೆ ಬಂದವು. ಇದರಿಂದ ಅನುಕೂಲವೂ ಇದೆ. ಒಂದು ಕಡೆಯ ಹಣದಿಂದ ಇನ್ನೊಂದು ಕಡೆ ಶಾಲೆ, ಆಸ್ಪತ್ರೆ ಕಟ್ಟಬಹುದು. ಆದರೆ ಊರಿನವರು ಬೆವರು ಸುರಿಸಿ ಕಟ್ಟಿದ ಗುರುದ್ವಾರದಲ್ಲಿ ಗ್ರಂಥಿಯನ್ನು ನೇಮಿಸುವುದು ದೂರದ ಅಮೃತಸರವಾದರೆ ಊರಿನವರ ಕೈಯಲ್ಲಿ ಉಳಿಯುವುದು ಸೌಟು ಮಾತ್ರ. ಹರಿಯಾಣದ ಸಿಖ್ಖರು ಎತ್ತಿದ ತಕರಾರು ಇದೇ. ತಮ್ಮ ರಾಜ್ಯದ ಗುರುದ್ವಾರಗಳ ಹಣ, ನೇಮಕ ತಮ್ಮ ಕೈಯಲ್ಲಿರಬೇಕೆಂದು ಅವರು ವರ್ಷಗಟ್ಟಲೆ ಕೇಳಿದರು. 2014ರಲ್ಲಿ ಹರಿಯಾಣ ಪ್ರತ್ಯೇಕ ಕಾಯಿದೆ ಮಾಡಿತು. 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ಸಮಿತಿಗೆ ಮೊದಲ ಚುನಾವಣೆ ನಡೆದದ್ದು 2025ರ ಜನವರಿಯಲ್ಲಿ.

ಇದನ್ನು ಪಂಥವನ್ನು ಒಡೆಯುವ ರಾಜಕೀಯ ಎಂದವರಿದ್ದಾರೆ, ಸ್ವಂತ ಮನೆಯ ಬೀಗದ ಕೈ ಕೇಳುವುದು ತಪ್ಪಲ್ಲ ಎಂದವರೂ ಇದ್ದಾರೆ. ಇಬ್ಬರ ಮಾತಿನಲ್ಲೂ ಸತ್ಯಾಂಶವಿದೆ. ಸಣ್ಣ ಸಮಿತಿಗಳು ಸುಲಭವಾಗಿ ಸ್ಥಳೀಯ ಬಲಾಢ್ಯರ ಕೈಗೆ ಹೋಗಬಹುದು. ದೊಡ್ಡ ಮಂಡಳಿಯಲ್ಲಿ ಸಾಮಾನ್ಯನ ದನಿಯೇ ಕೇಳಿಸದೆ ಹೋಗಬಹುದು. ಗಾತ್ರ ಯಾವುದೇ ಇರಲಿ, ಲೆಕ್ಕ ಕೇಳುವ ಮತ್ತು ಬದಲಾಯಿಸುವ ಅಧಿಕಾರ ಭಕ್ತರ ಕೈಯಲ್ಲಿ ಇರಬೇಕೆಂಬುದು ಮುಖ್ಯ. ಮಸಂದರ, ಮಹಂತರ ಕಾಲದಲ್ಲಿ ಇಲ್ಲದೆ ಹೋದದ್ದು ಅದೇ.

ಕೆಳಗಿನ ಹಂತದಲ್ಲಿ ಇನ್ನೂ ಕಹಿಯಾದ ಸತ್ಯವೊಂದಿದೆ. ಪಂಜಾಬಿನ ಎಷ್ಟೋ ಹಳ್ಳಿಗಳಲ್ಲಿ ಜಾಟರಿಗೆ ಒಂದು ಗುರುದ್ವಾರ, ದಲಿತ ಸಿಖ್ಖರಿಗೆ ಇನ್ನೊಂದು. ಕೆಲವು ಕಡೆ ಸ್ಮಶಾನವೂ ಬೇರೆ. ಲಂಗರಿನಲ್ಲಿ ಕುಳಿತು ಉಣ್ಣಲು ಯಾರೂ ಬೇಡವೆನ್ನುವುದಿಲ್ಲ, ಆದರೆ ಸಮಿತಿಯಲ್ಲಿ ಕುಳಿತು ನಿರ್ಧರಿಸುವ ಮಾತು ಬಂದಾಗ ಜಾಗ ಸಿಗುವುದಿಲ್ಲ ಎಂಬ ನೋವಿನಿಂದಲೇ ಅನೇಕ ಪ್ರತ್ಯೇಕ ಗುರುದ್ವಾರಗಳು ಎದ್ದಿವೆ. ಹೆಂಗಸರ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಲ್ಲ. 1925ರಲ್ಲೇ ಮತ ದೊರೆತರೂ, ಪ್ರಬಂಧಕ ಸಮಿತಿಗೆ ಮೊದಲ ಮಹಿಳಾ ಅಧ್ಯಕ್ಷೆಯಾಗಿ ಬೀಬಿ ಜಾಗೀರ್ ಕೌರ್ ಬಂದದ್ದು 1999ರಲ್ಲಿ. ಊಟದ ಪಂಕ್ತಿಯಲ್ಲಿ ಸಿಕ್ಕ ಸಮಾನತೆ ಸಮಿತಿಯ ಕೋಣೆಗೆ ಇನ್ನೂ ಪೂರ್ತಿಯಾಗಿ ಬಂದಿಲ್ಲ.

ಬೆನ್ನ ಮೇಲಿನ ಮಗು

ಇಷ್ಟು ಹೇಳಿ, ಸೇವೆ ಸಂಸ್ಥೆಯಾಗಿ ಗಟ್ಟಿಯಾದ ಒಂದು ಉದಾಹರಣೆ ಹೇಳದಿದ್ದರೆ ಚಿತ್ರ ಅರ್ಧವಾದೀತು. 1934ರಲ್ಲಿ ಲಾಹೋರಿನ ಡೇರಾ ಸಾಹಿಬ್ ಗುರುದ್ವಾರದ ಬಾಗಿಲಲ್ಲಿ ಯಾರೋ ಒಂದು ಅಂಗವಿಕಲ ಮಗುವನ್ನು ಬಿಟ್ಟುಹೋದರು. ಅದಕ್ಕೆ ನಡೆಯಲು ಬಾರದು, ಮಾತೂ ಬಾರದು. ಅಲ್ಲಿ ಸೇವೆ ಮಾಡುತ್ತಿದ್ದ ಪೂರಣ್ ಸಿಂಗ್ ಎಂಬ ಮೂವತ್ತರ ಯುವಕ ಅದನ್ನು ಎತ್ತಿಕೊಂಡರು. ಪ್ಯಾರಾ ಸಿಂಗ್ ಎಂದು ಹೆಸರಿಟ್ಟರು. ಬಿಟ್ಟು ಹೋಗಲು ಜಾಗವಿಲ್ಲವಾದ್ದರಿಂದ ಹೋದಲ್ಲೆಲ್ಲ ಬೆನ್ನ ಮೇಲೆ ಹೊತ್ತು ತಿರುಗಿದರು. 1947ರ ಆಗಸ್ಟಿನಲ್ಲಿ ದೇಶ ಒಡೆದಾಗ, ಅವರು ಅಮೃತಸರದ ಖಾಲ್ಸಾ ಕಾಲೇಜಿನ ನಿರಾಶ್ರಿತರ ಶಿಬಿರಕ್ಕೆ ಬಂದದ್ದೂ ಹಾಗೆಯೇ, ಆ ಹುಡುಗನನ್ನು ಹೊತ್ತುಕೊಂಡು. ಶಿಬಿರದಲ್ಲಿ ನೋಡುವವರಿಲ್ಲದ ರೋಗಿಗಳು, ಹುಚ್ಚರು, ಮುದುಕರು ತುಂಬಿದ್ದರು. ಅವರ ಬಟ್ಟೆ ಒಗೆದು, ಮನೆಮನೆಗೆ ಹೋಗಿ ರೊಟ್ಟಿ ಬೇಡಿ ತಂದು ಉಣಿಸಿದರು. ಹೀಗೆ ‘ಪಿಂಗಲ್‌ವಾರಾ’ ಹುಟ್ಟಿತು.

ಈ ಭಾಗ ಎಲ್ಲರ ಮನಸ್ಸನ್ನೂ ಮುಟ್ಟುತ್ತದೆ. ನನಗೆ ಅಷ್ಟೇ ಮಹತ್ವದ್ದೆನಿಸುವುದು ಹತ್ತು ವರ್ಷದ ಬಳಿಕದ ಒಂದು ಒಣ ಸಂಗತಿ. 1957ರಲ್ಲಿ ಪೂರಣ್ ಸಿಂಗರು ಪಿಂಗಲ್‌ವಾರಾವನ್ನು ಸೊಸೈಟಿಯಾಗಿ ನೋಂದಾಯಿಸಿದರು. ಬೆನ್ನ ಮೇಲೆ ಹೊತ್ತ ಹೊರೆಯನ್ನು ಒಂದು ಸಮಿತಿಯ ಹೆಗಲಿಗೆ ವರ್ಗಾಯಿಸಿದ ಹೆಜ್ಜೆ ಅದು. ಊರೂರಿನಲ್ಲಿ ಕಾಣಿಕೆ ಪೆಟ್ಟಿಗೆಗಳನ್ನಿಟ್ಟರು. ಒಂದು ಮಗ್ಗುಲು ಬಳಸಿ ಎಸೆದ ಕಾಗದದ ಇನ್ನೊಂದು ಮಗ್ಗುಲಲ್ಲಿ ಕರಪತ್ರ ಅಚ್ಚು ಹಾಕಿಸಿ, ಮಣ್ಣು, ಮರ, ನೀರಿನ ಬಗ್ಗೆ ಬರೆದು ಸ್ವರ್ಣಮಂದಿರದ ಬಾಗಿಲಲ್ಲಿ ಹಂಚಿದರು. 1979ರಲ್ಲಿ ಪದ್ಮಶ್ರೀ ಬಂತು. 1984ರಲ್ಲಿ ಸ್ವರ್ಣಮಂದಿರದ ಮೇಲೆ ಸೇನಾ ಕಾರ್ಯಾಚರಣೆ ನಡೆದಾಗ ಅದನ್ನು ಹಿಂದಿರುಗಿಸಿದರು. 1992ರ ಆಗಸ್ಟಿನಲ್ಲಿ ತೀರಿಕೊಂಡರು.

ಒಬ್ಬ ಸಂತನ ಸುತ್ತ ಬೆಳೆದ ಸಂಸ್ಥೆಗಳು ಸಂತನೊಡನೆಯೇ ಸೊರಗುವುದನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಪಿಂಗಲ್‌ವಾರಾ ಹಾಗಾಗಲಿಲ್ಲ. ಹೊಣೆ ವೈದ್ಯೆ ಡಾ. ಇಂದರ್‌ಜಿತ್ ಕೌರ್ ಅವರ ಕೈಗೆ ಬಂತು. ನೂರಾರು ನಿರ್ಗತಿಕರ ಆಶ್ರಯಧಾಮ ಶಾಲೆ, ಕೃತಕ ಅವಯವ ಕೇಂದ್ರ, ಸಹಜ ಕೃಷಿಯ ಹೊಲಗಳೊಂದಿಗೆ ಬೆಳೆಯಿತು. ಪೂರಣ್ ಸಿಂಗರು ಪ್ರೀತಿಯಿಂದ ಶುರುಮಾಡಿದರು, ಸರಿ. ಅದು ಉಳಿದದ್ದು ಅವರು ಕಾಲ ಮೀರುವ ಮೊದಲೇ ರೂಲು, ರಿಜಿಸ್ಟರು, ರಸೀದಿಗಳನ್ನು ಮಾಡಿಟ್ಟದ್ದರಿಂದ.

ನದಿ ತೊಳೆದವರು, ಕೊಳಚೆ ಬಿಟ್ಟವರು

ಸೇವೆ ಒಂದೇ ಸಾಕಾಗದೆ ಹೋದ ಇನ್ನೊಂದು ಉದಾಹರಣೆಯೂ ಇದೆ. ಸುಲ್ತಾನ್‌ಪುರ ಲೋಧಿಯಲ್ಲಿ ಗುರು ನಾನಕರು ಸ್ನಾನ ಮಾಡುತ್ತಿದ್ದರೆಂದು ಹೇಳುವ ಕಾಲೀ ಬೇಈ ಎಂಬ ಸುಮಾರು 160 ಕಿಲೋಮೀಟರ್ ಉದ್ದದ ಹೊಳೆ, ಕಳೆದ ಶತಮಾನದ ಕೊನೆಗೆ ಊರುಗಳ ಚರಂಡಿಯಾಗಿತ್ತು. 2000ದಲ್ಲಿ ಸಂತ ಬಲ್‌ಬೀರ್ ಸಿಂಗ್ ಸೀಚೇವಾಲರು ಜನರನ್ನು ಕರೆದುಕೊಂಡು ನೀರಿಗೆ ಇಳಿದರು. ಕಳೆ ಕಿತ್ತರು, ಹೂಳೆತ್ತಿದರು, ದಂಡೆ ಕಟ್ಟಿದರು. ವರ್ಷಗಟ್ಟಲೆ ನಡೆದ ಈ ‘ಕಾರ್ ಸೇವಾ’ದ ಬಳಿಕ ನೀರು ಮತ್ತೆ ಹರಿಯಿತು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಬಂದು ನೋಡಿದರು.

ಆದರೆ ಮೇಲಿನ ಊರುಗಳು ಕೊಳಚೆ ಬಿಡುತ್ತಲೇ ಇದ್ದರೆ ಭಕ್ತರು ಎಷ್ಟು ದಿನ ತೊಳೆಯುತ್ತಾರೆ? ನದಿ ಮತ್ತೆ ಮಲಿನವಾದ ದೂರುಗಳು ಬರುತ್ತಲೇ ಇದ್ದವು. ಇದನ್ನು ಸೀಚೇವಾಲರು ಬೇಗ ಅರಿತರು. ಹಳ್ಳಿಯ ಕೊಳಚೆಯನ್ನು ನೆಲದಡಿಯ ಕೊಳವೆಯಲ್ಲಿ ತಂದು, ಹೊಂಡಗಳಲ್ಲಿ ತಿಳಿಮಾಡಿ, ಹೊಲಕ್ಕೆ ಹರಿಸುವ ಕಡಿಮೆ ಖರ್ಚಿನ ಏರ್ಪಾಟನ್ನು ರೂಪಿಸಿ, ಅದನ್ನು ಪಂಚಾಯಿತಿಗಳು ನಡೆಸಬೇಕೆಂದು ಹೇಳಿದರು. ಪಂಚಾಯಿತಿ ಎಚ್ಚರವಾಗಿದ್ದಲ್ಲಿ ಅದು ನಡೆಯುತ್ತದೆ, ಇಲ್ಲದಲ್ಲಿ ಹೊಂಡ ಹೂಳುತ್ತದೆ. ಸೇವೆ ಹೊಳೆಯನ್ನು ಒಮ್ಮೆ ತೊಳೆಯಬಲ್ಲದು, ತೊಳೆದದ್ದನ್ನು ಉಳಿಸಿಕೊಳ್ಳುವುದು ಸ್ಥಳೀಯ ಸಂಸ್ಥೆಯ ಕೆಲಸ.

ಮತ್ತೆ ಬೀದರಿಗೆ

ಮಾತು ಮುಗಿಸುವ ಮುನ್ನ ಬೀದರಿಗೆ ಹಿಂದಿರುಗೋಣ. ಅಲ್ಲಿನ ನಾನಕ್ ಝೀರಾ ಸಾಹಿಬ್‌ಗೆ ನಿಮ್ಮಲ್ಲಿ ಹಲವರು ಹೋಗಿರಬಹುದು. ಉಪ್ಪುನೀರಿನ ಊರಿನಲ್ಲಿ ಗುರು ನಾನಕರು ಕಲ್ಲು ಸರಿಸಿ ಸಿಹಿನೀರಿನ ಒರತೆ ತೋರಿದರೆಂಬುದು ಅಲ್ಲಿನ ಐತಿಹ್ಯ. ಬಂದವರೆಲ್ಲ ನೀರು ಕುಡಿಯುತ್ತಾರೆ, ಲಂಗರಿನಲ್ಲಿ ಉಣ್ಣುತ್ತಾರೆ. ಅಲ್ಲಿ ಉಣ್ಣುವವರಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು ಆಡುವವರೇ ಬಹಳ. ಅದೇ ಊರಿನಲ್ಲಿ ಗುರುವಿನ ಹೆಸರಿನ ಎಂಜಿನಿಯರಿಂಗ್ ಕಾಲೇಜು 1980ರಲ್ಲಿ ಶುರುವಾಯಿತು. ಹೀಗೆ ಒರತೆಯೊಂದು ಊರಿಗೆ ಶಿಕ್ಷಣವನ್ನೂ ತಂದಿತು.

ಐತಿಹ್ಯದ ಆ ಒರತೆ ತಾನಾಗಿ ಚಿಮ್ಮಿತು. ಸೇವೆಯ ಭಾವನೆಯೂ ಹಾಗೆಯೇ, ಒಳ್ಳೆಯ ಜನರಲ್ಲಿ ತಾನಾಗಿ ಬರುತ್ತದೆ. ಆದರೆ ಆ ನೀರು ಐನೂರು ವರ್ಷ ಜನರಿಗೆ ದಕ್ಕಬೇಕಾದರೆ ಸುತ್ತ ಕಟ್ಟೆ ಬೇಕು, ಕಟ್ಟೆ ಬಿರುಕುಬಿಟ್ಟಾಗ ಗಾರೆ ಹಾಕುವವರು ಬೇಕು, ಗಾರೆಗೆ ಎಷ್ಟು ಖರ್ಚಾಯಿತೆಂದು ಬರೆದಿಡುವವರು ಬೇಕು, ಬರೆದದ್ದು ಸರಿಯೇ ಎಂದು ಎದ್ದುನಿಂತು ಕೇಳುವವರೂ ಬೇಕು. ಈ ಕೊನೆಯವರನ್ನು ನಾವು ಜಗಳಗಂಟರೆನ್ನುತ್ತೇವೆ. ಸಿಖ್ಖರ ಚರಿತ್ರೆ ಹೇಳುವುದೇನೆಂದರೆ, ಅವರೂ ಸೇವಕರೇ. ಗುರು ಕಾ ಬಾಗಿನಲ್ಲಿ ಏಟು ತಿಂದವರು ರೊಟ್ಟಿ ಬೇಯಿಸುವವರಿಗಿಂತ ಕಡಿಮೆ ಸೇವೆ ಮಾಡಲಿಲ್ಲ.

ಆದ್ದರಿಂದ ಮುಂದಿನ ಸಲ ಲಂಗರಿನಲ್ಲಿ ಕುಳಿತು ಉಂಡಾಗ, ತಟ್ಟೆ ತೊಳೆಯುವ ಸಾಲಿನಲ್ಲಿ ನಿಲ್ಲಿ, ಒಳ್ಳೆಯದು. ಹಾಗೆಯೇ ನಿಮ್ಮ ಊರಿನ ದೇವಸ್ಥಾನವಿರಲಿ, ಗ್ರಂಥಾಲಯವಿರಲಿ, ಸಹಕಾರ ಸಂಘವಿರಲಿ, ಅದರ ವಾರ್ಷಿಕ ಸಭೆಯ ನೋಟೀಸು ಬಂದಾಗ ಅದನ್ನು ಮಡಚಿ ಬದಿಗಿಡಬೇಡಿ. ಹೋಗಿ ಕುಳಿತು ಲೆಕ್ಕ ಓದಿಸಿ ಕೇಳಿ. ನಮ್ಮಂಥ ವರದಿಗಾರರನ್ನೂ ಕರೆಯಿರಿ. ಚಿತ್ರಕ್ಕೆ ಹೇಳಿಕೊಳ್ಳುವಂಥದ್ದೇನೂ ಸಿಗದಿರಬಹುದು, ಆದರೂ ಬರುತ್ತೇವೆ.